ಅಲೆಯ ನೆತ್ತಿ, ಬಾಂಗಿನ ದನಿ

ಮಾಡಿನ ಮೇಲೆ ಆಂಟೆನಾ ಇದ್ದ ಕಾಲದ ಟಿವಿ ನೋಡಿದವರಿಗೆ ಇದು ನೆನಪಿರಬಹುದು. ಅಡುಗೆಮನೆಯಲ್ಲಿ ಉಮ್ಮ ಮಿಕ್ಸಿ ಹಾಕಿದ ಕೂಡಲೇ ದೂರದರ್ಶನದ ಚಿತ್ರದ ತುಂಬ ಚುಕ್ಕಿ, ಗೆರೆ. ಮನೆ ಮುಂದೆ ಹಳೆಯ ಸ್ಕೂಟರ್ ಹೋದರೂ ಅದೇ ಕಥೆ. ‘ಉಮ್ಮಾ, ಒಂದೇ ಒಂದು ಓವರ್!’ ಎಂದು ನಾವು ಕೂಗುವುದು, ‘ಮಸಾಲೆ ಅರೆಯದಿದ್ದರೆ ರಾತ್ರಿ ಕ್ರಿಕೆಟನ್ನೇ ತಿನ್ನಿ’ ಎಂಬ ಉತ್ತರ ಒಳಗಿಂದ ಬರುವುದು. ಆದರೆ ಒಂದು ಸಂಗತಿಯನ್ನು ನಮ್ಮಲ್ಲಿ ಯಾರೂ ಗಮನಿಸುತ್ತಿರಲಿಲ್ಲ. ಚಿತ್ರ ಅಷ್ಟು ಕೆಟ್ಟರೂ ಕಾಮೆಂಟರಿ ಮಾತ್ರ ಕೆಡುತ್ತಿರಲಿಲ್ಲ. ಅದೇ ಆಂಟೆನಾ, ಅದೇ ವಯರ್, ಅದೇ ಪೆಟ್ಟಿಗೆ. ಚಿತ್ರಕ್ಕೆ ತಾಗಿದ ಏಟು ಮಾತಿಗೆ ಯಾಕೆ ತಾಗಲಿಲ್ಲ?

ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದವರು ಹೊಸೂರಿನಲ್ಲಿ ಉಪ್ಪನ ಅಂಗಡಿಯ ಪಕ್ಕದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಅಣ್ಣ. ಉಪ್ಪ ಬಂಟ್ವಾಳದ ಕಡೆಯಿಂದ ಬಂದು ಬಾಗಲೂರು ರಸ್ತೆಯಲ್ಲಿ ಅಂಗಡಿ ಇಟ್ಟ ಕಾಲದಿಂದ ಅವರಿಬ್ಬರಿಗೆ ಸ್ನೇಹ. ಒಬ್ಬರದು ಮಂಗಳೂರು ಸೀಮೆಯ ತಮಿಳು, ಇನ್ನೊಬ್ಬರದು ಹೊಸೂರು ಸೀಮೆಯ ಕನ್ನಡ. ನಾನು ಶಾಲೆ ಬಿಟ್ಟು ಬಂದು ಅಂಗಡಿಯಲ್ಲಿ ಕೂತರೆ ಗಿರಾಕಿಗಳಿಗೆ ಚಿಲ್ಲರೆ ಕೊಡುವುದಕ್ಕಿಂತ ಪಕ್ಕದ ಸೋಲ್ಡರಿಂಗ್ ಹೊಗೆಯ ಕಡೆಗೇ ಕಣ್ಣು. ಮುಂದೆ ಪಾಲಿಟೆಕ್ನಿಕ್‌ನಲ್ಲಿ ಓದಿದ್ದು ಮೆಕ್ಯಾನಿಕಲ್. ಆದರೆ ರೇಡಿಯೋ ಎಂಬ ಹುಚ್ಚು ಆ ಮೇಜಿನಿಂದ ಹತ್ತಿದ್ದು ಇಳಿದಿಲ್ಲ.

ಅಣ್ಣ ಕೊಟ್ಟ ಉತ್ತರ ಇದು. ಟಿವಿಯಲ್ಲಿ ಚಿತ್ರ ಬರುವ ರೀತಿ ಒಂದು, ಮಾತು ಬರುವ ರೀತಿ ಇನ್ನೊಂದು. ಚಿತ್ರ ಬರುವುದು ಎಎಂ ಆಗಿ, ಅಂದರೆ ಅಲೆಯ ಎತ್ತರದಲ್ಲಿ. ಮಾತು ಬರುವುದು ಎಫ್‌ಎಂ ಆಗಿ, ಅಂದರೆ ಅಲೆಗಳು ಒಂದಕ್ಕೊಂದು ಎಷ್ಟು ಹತ್ತಿರ, ಎಷ್ಟು ದೂರ ಎಂಬುದರಲ್ಲಿ. ತೋಟದ ಬೇಲಿಗೆ ನೆಟ್ಟ ಗೂಟಗಳನ್ನು ನೆನೆಸಿಕೊಳ್ಳಿ. ಗೂಟದ ಎತ್ತರದಲ್ಲಿ ಒಬ್ಬ ಸುದ್ದಿ ಬರೆದಿದ್ದಾನೆ: ಎತ್ತರ, ಗಿಡ್ಡ, ಮಧ್ಯಮ. ಇನ್ನೊಬ್ಬ ಗೂಟಗಳ ನಡುವಿನ ಅಂತರದಲ್ಲಿ ಬರೆದಿದ್ದಾನೆ. ಗಾಳಿ ಮಳೆಗೆ ಗೂಟದ ತುದಿಗಳು ಮುರಿದರೆ, ಕೆಲವಕ್ಕೆ ಬಳ್ಳಿ ಹಬ್ಬಿ ತುದಿ ಎತ್ತರ ಕಂಡರೆ, ಮೊದಲಿನವನ ಸುದ್ದಿ ಕೆಟ್ಟಿತು. ಎರಡನೆಯವನು ಗರಗಸ ತಂದು ಎಲ್ಲ ಗೂಟಗಳನ್ನೂ ಒಂದೇ ಎತ್ತರಕ್ಕೆ ಕೊಯ್ದುಬಿಡುತ್ತಾನೆ. ಬಳ್ಳಿಯೂ ಹೋಯಿತು, ಮುರುಕೂ ಹೋಯಿತು, ಅಂತರ ಹಾಗೆಯೇ ಉಳಿಯಿತು.

ಆ ಗರಗಸಕ್ಕೆ ರೇಡಿಯೋದಲ್ಲಿ ಲಿಮಿಟರ್ ಎಂದು ಹೆಸರು. ಮಿಕ್ಸಿಯ ಕಿಡಿ, ಸ್ಕೂಟರಿನ ಪ್ಲಗ್ಗಿನ ಕಿಡಿ, ಸಿಡಿಲು, ಫ್ರಿಜ್ಜಿನ ಸ್ವಿಚ್ಚು, ಇವೆಲ್ಲ ಮುಖ್ಯವಾಗಿ ಅಲೆಯ ಎತ್ತರವನ್ನು ಕೆಡಿಸುತ್ತವೆ. ಎಫ್‌ಎಂನಲ್ಲಿ ಎತ್ತರಕ್ಕೆ ಬೆಲೆಯೇ ಇಲ್ಲವಾದ್ದರಿಂದ ಅದನ್ನು ಕತ್ತರಿಸಿದರೆ ನಷ್ಟ ಇಲ್ಲ.

ಮೆಕ್ಯಾನಿಕಲ್ ಓದಿದವನಿಗೆ ಇದು ಮೊದಲು ಹೈಡ್ರಾಲಿಕ್ ಪ್ರೆಸ್ಸಿನ ರಿಲೀಫ್ ವಾಲ್ವಿನಂತೆ ಕಾಣುತ್ತದೆ. ಒತ್ತಡ ಇಷ್ಟಕ್ಕಿಂತ ಏರಿದರೆ ವಾಲ್ವ್ ತೆರೆದು ಎಣ್ಣೆ ಟ್ಯಾಂಕಿಗೆ ವಾಪಸು. ಡಯೋಡಿನ ಲಿಮಿಟರ್ ನಿಜವಾಗಿಯೂ ಹಾಗೆಯೇ. ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟ್ ವರೆಗೆ ಸುಮ್ಮನಿರುತ್ತದೆ, ಅದರ ಮೇಲೆ ಹೋದರೆ ತೆರೆದುಕೊಂಡು ಹೆಚ್ಚಿನದನ್ನು ಆಚೆ ಹರಿಸುತ್ತದೆ. ಎರಡು ಡಯೋಡನ್ನು ಒಂದಕ್ಕೊಂದು ತಿರುವಿ ಹಾಕಿದರೆ ಅಲೆಯ ಮೇಲಿನ ನೆತ್ತಿಯೂ ಕೆಳಗಿನ ಹೊಟ್ಟೆಯೂ ಸಪಾಟು. ಆದರೆ ಪ್ರೆಸ್ಸಿನ ವಾಲ್ವ್ ತೆರೆಯುವುದು ಅಪಾಯದ ಹೊತ್ತಿನಲ್ಲಿ ಮಾತ್ರ. ಎಫ್‌ಎಂ ರೇಡಿಯೋದ ಲಿಮಿಟರ್ ಬಿಡುವಿಲ್ಲದೆ ಕೊಯ್ಯುತ್ತಲೇ ಇರಬೇಕು. ಅದು ಕೊಯ್ಯದ ಕ್ಷಣ ಗದ್ದಲ ಒಳಗೆ ಬರುತ್ತದೆ.

ಇದಕ್ಕೆ ಮೊದಲು ಅಲೆಯನ್ನು ಬೆಳೆಸಬೇಕು. ಆಂಟೆನಾದಿಂದ ಬರುವುದು ಮೈಕ್ರೋವೋಲ್ಟ್ ಲೆಕ್ಕದ್ದು, ಡಯೋಡ್ ತೆರೆಯಲು ಬೇಕಾದುದು ಅರ್ಧ ವೋಲ್ಟಿಗೂ ಮೇಲೆ. ಹಾಗಾಗಿ ರೇಡಿಯೋ ಯಾವ ಸ್ಟೇಷನ್ ಹಿಡಿದರೂ ಅದನ್ನು ಮೊದಲು 10.7 ಮೆಗಾಹರ್ಟ್ಸ್ ಎಂಬ ಒಂದೇ ಆವರ್ತನಕ್ಕೆ ಇಳಿಸಿ, ಹಲವು ಹಂತಗಳಲ್ಲಿ ಸಾವಿರಾರು ಪಟ್ಟು ದೊಡ್ಡದು ಮಾಡಿ, ಆಮೇಲೆ ಕತ್ತರಿಸುತ್ತದೆ. ನಮ್ಮ ಟಿವಿಗಳಲ್ಲಿ ಮಾತಿನ ಅಲೆ 5.5 ಮೆಗಾಹರ್ಟ್ಸ್‌ನಲ್ಲಿ ಬರುತ್ತಿತ್ತು. ಆ ಕಾಲದ ಅನೇಕ ಟಿವಿಗಳಲ್ಲಿದ್ದ ಟಿಬಿಎ 120 ಎಂಬ ಐಸಿಯೊಳಗೆ ಬೆಳೆಸುತ್ತ ಕತ್ತರಿಸುವ ಎಂಟು ಹಂತಗಳಿದ್ದವು. ಉಮ್ಮನ ಮಿಕ್ಸಿಯನ್ನು ಕಾಮೆಂಟರಿಯಿಂದ ಹೊರಗೆ ಇಟ್ಟದ್ದು ಅಂಥ ಒಂದು ಐಸಿ.

ಈಗ ಒಂದು ಸಂಶಯ ಬರಬೇಕು. ದುಂಡಗಿನ ಅಲೆಯ ನೆತ್ತಿ ಕೊಯ್ದರೆ ಅದು ಚೌಕವಾಗುತ್ತದೆ, ವಿಕಾರವಾಗುತ್ತದೆ. ಅದು ಕಿವಿಗೆ ಯಾಕೆ ಕೇಳುವುದಿಲ್ಲ? ಇದಕ್ಕೆ ಉತ್ತರ ಗೊತ್ತಿದ್ದರೆ ಮುಂದೆ ನಾನು ಹೇಳಲಿರುವ ಮಸೀದಿಯ ಕಥೆ ಅರ್ಥವಾಗುತ್ತದೆ. ಅಲೆಯ ನೆತ್ತಿ ಕೊಯ್ದಾಗ ಹುಟ್ಟುವ ವಿಕಾರವೆಲ್ಲ ಮೂಲ ಆವರ್ತನದ ಮೂರು ಪಟ್ಟು, ಐದು ಪಟ್ಟು ಎಂಬ ಲೆಕ್ಕದಲ್ಲಿ ದೂರ ಹೋಗಿ ಕೂರುತ್ತದೆ. 10.7ರ ಮೂರು ಪಟ್ಟು ಅಂದರೆ 32.1 ಮೆಗಾಹರ್ಟ್ಸ್. ಅದು ನಮ್ಮ ಅಲೆಯಿಂದ ಎಷ್ಟೋ ದೂರ. ಮುಂದಿರುವ ಒಂದು ಸಣ್ಣ ಕಾಯಿಲ್ ಮತ್ತು ಕಂಡೆನ್ಸರ್ ಸೇರಿ ಅದನ್ನು ಬಾಗಿಲಲ್ಲೇ ತಡೆದು, ಚೌಕವನ್ನು ಮತ್ತೆ ದುಂಡಗೆ ಮಾಡಿಬಿಡುತ್ತವೆ. ಕತ್ತರಿಸಿದ ಗಾಯ ಮಾಸಲು ಅಲ್ಲಿ ಬೇಕಾದಷ್ಟು ಜಾಗ ಉಂಟು.

ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್. 1922ರಲ್ಲಿ ಜಾನ್ ಕಾರ್ಸನ್ ಎಂಬ ದೊಡ್ಡ ಗಣಿತದ ಎಂಜಿನಿಯರ್ ಎಫ್‌ಎಂನಿಂದ ಲಾಭವಿಲ್ಲ ಎಂದು ಲೆಕ್ಕ ಹಾಕಿ ಬರೆದಿದ್ದರು. ಅವರ ಲೆಕ್ಕ ಕಿರಿದಾದ ಎಫ್‌ಎಂಗೆ ಸಂಬಂಧಿಸಿದ್ದು. ಆರ್ಮ್‌ಸ್ಟ್ರಾಂಗ್ ಅಲೆಯನ್ನು ಅಗಲ ಮಾಡಿದರು, ಲಿಮಿಟರ್ ಸೇರಿಸಿದರು, 1933ರಲ್ಲಿ ಪೇಟೆಂಟ್ ಪಡೆದರು. 1935ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ರೇಡಿಯೋ ಎಂಜಿನಿಯರುಗಳ ಸಭೆಯಲ್ಲಿ, ದೂರದ ಊರಿನಿಂದ ಲೋಟಕ್ಕೆ ನೀರು ಸುರಿಯುವ ಸದ್ದು, ಕಾಗದ ಮುದುರುವ ಸದ್ದು ಇವನ್ನೆಲ್ಲ ಗಾಳಿಯಲ್ಲಿ ಕಳಿಸಿ ಕೇಳಿಸಿದರು. ಆಮೇಲಿನ ಕಥೆ ದುಃಖದ್ದು. ದೊಡ್ಡ ಕಂಪನಿಗಳೊಂದಿಗೆ ಪೇಟೆಂಟ್ ಕೇಸುಗಳಲ್ಲಿ ಬಸವಳಿದು 1954ರಲ್ಲಿ ಅವರು ತಮ್ಮ ಜೀವ ತಾವೇ ಕಳೆದುಕೊಂಡರು. ಹೆಂಡತಿ ಮೇರಿಯನ್ ಪಟ್ಟು ಬಿಡದೆ 1967ರ ವರೆಗೆ ಕೇಸು ನಡೆಸಿ ಗೆದ್ದರು. ನಮ್ಮ ದೇಶದಲ್ಲಿ ಆಕಾಶವಾಣಿಯ ಮೊದಲ ಎಫ್‌ಎಂ 1977ರಲ್ಲಿ ಮದ್ರಾಸಿನಿಂದ ಶುರುವಾಯಿತು. ಮೊದಲ ಖಾಸಗಿ ಎಫ್‌ಎಂ 2001ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಬಂದಾಗ ಹೊಸೂರಿನ ಅಂಗಡಿ ಸಾಲಿನಲ್ಲೆಲ್ಲ ಹೊಸ ರೇಡಿಯೋ ಕೊಳ್ಳುವ ಗಡಿಬಿಡಿ. ಅಣ್ಣನಿಗೆ ಅದು ಸುಗ್ಗಿ.

ಆ ವರ್ಷಗಳ ಒಂದು ರಿಪೇರಿ ನೆನಪಿದೆ. ಎದುರಿನ ಬೇಕರಿಯವರ ಹಳೆಯ ಸೆಟ್ಟಿನಲ್ಲಿ ಎಫ್‌ಎಂ ಹಾಕಿದರೆ ಫ್ರೀಜರ್ ಆನ್ ಆದಾಗಲೆಲ್ಲ ಟರ್ರ್ ಎಂಬ ಸದ್ದು. ಎಫ್‌ಎಂಗೆ ಹೀಗಾಗಬಾರದು. ಅಣ್ಣ ಸೆಟ್ ಬಿಚ್ಚಿ, ರೇಷಿಯೋ ಡಿಟೆಕ್ಟರ್ ಎಂಬ ಭಾಗದಲ್ಲಿರುವ ಒಂದು ಸಣ್ಣ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ತೆಗೆದು ಹೊಸದು ಹಾಕಿದರು. ಸದ್ದು ಮಾಯ. ಅಂಥ ಸೆಟ್ಟುಗಳಲ್ಲಿ ಅಲೆಯ ಎತ್ತರ ದಿಢೀರ್ ಏರದಂತೆ ಹಿಡಿದಿಡುವ ಕೆಲಸ ಆ ಕಂಡೆನ್ಸರಿನದು, ಚಿಲ್ಲರೆಯ ಏರಿಳಿತವನ್ನು ನುಂಗಿಕೊಳ್ಳುವ ಗಲ್ಲಾ ಪೆಟ್ಟಿಗೆಯ ಹಾಗೆ. ಅದು ಒಳಗೆ ಒಣಗಿಹೋಗಿತ್ತು. ಕೆಲವೇ ರೂಪಾಯಿಯ ಸಾಮಾನು. ಬೇಕರಿಯವರು ಕೂಲಿಯ ಜೊತೆ ಒಂದು ಡಜನ್ ಬನ್ನು ಕಳಿಸಿದ್ದರು. ನನ್ನ ಪಾಲಿಗೆ ಮೂರು ಬಂದವು.

ಆದರೆ ಉಪ್ಪನಿಗೆ ಎಫ್‌ಎಂ ಎಂದರೆ ಅಷ್ಟಕ್ಕಷ್ಟೇ. ಅವರಿಗೆ ಬೇಕಾದದ್ದು ಮಂಗಳೂರು. ಮಂಗಳೂರು ಆಕಾಶವಾಣಿಯ ಎಫ್‌ಎಂ 100.3 ಮೆಗಾಹರ್ಟ್ಸ್ ಘಟ್ಟ ಹತ್ತಿ ಹೊಸೂರಿಗೆ ಬರುವುದು ಸಾಧ್ಯವಿಲ್ಲ. ಆ ಆವರ್ತನದ ಅಲೆ ಹೆಚ್ಚುಕಡಿಮೆ ಕಣ್ಣೋಟದಷ್ಟು ದೂರ ಮಾತ್ರ ಹೋಗುತ್ತದೆ. ಮೀಡಿಯಂ ವೇವ್ ಹಾಗಲ್ಲ. ರಾತ್ರಿಯಾದರೆ ಅದು ಮೇಲಿನ ಅಯಾನುಗೋಳಕ್ಕೆ ತಾಗಿ ಕೆಳಗೆ ಮರಳುತ್ತದೆ. ಇಶಾ ನಮಾಝ್ ಮುಗಿಸಿ ಅಂಗಡಿಗೆ ಅರ್ಧ ಶಟರ್ ಎಳೆದು, ಉಪ್ಪ ಹಳೆಯ ಸೆಟ್ಟಿನ ಮುಳ್ಳನ್ನು 1089 ಕಿಲೋಹರ್ಟ್ಸ್‌ನ ಹತ್ತಿರ ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತಿದ್ದರು. ಸೆಟ್ಟನ್ನೂ ಕಿಬ್ಲಾ ಹುಡುಕುವವರಂತೆ ಮೆಲ್ಲ ತಿರುಗಿಸುವುದು. ಕೊನೆಗೆ ಗರಗರದ ಆಳದಿಂದ ತಾಳಮದ್ದಳೆಯ ಅರ್ಥಗಾರಿಕೆ, ತುಳು ಹಾಡು, ನಮ್ಮ ಕಡೆಯ ಮಳೆಯ ಸುದ್ದಿ. ಒಂದು ನಿಮಿಷ ಸ್ಪಷ್ಟ, ಇನ್ನೊಂದು ನಿಮಿಷ ಬಾವಿಯ ಒಳಗಿನಿಂದ ಬಂದ ಹಾಗೆ.

‘ಇದಕ್ಕೂ ಆ ಲಿಮಿಟರ್ ಹಾಕಬಾರದಾ ಮೋನೇ? ಗರಗರ ಹೋಗಲಿ’ ಎಂದು ಒಂದು ಸಲ ಕೇಳಿದರು. ಹಾಕಬಾರದು. ಮೀಡಿಯಂ ವೇವ್ ಎಎಂ. ಅಲ್ಲಿ ಮಾತು ಇರುವುದೇ ಎತ್ತರದಲ್ಲಿ. ಗರಗಸ ಹಾಕಿದರೆ ಗರಗರದ ಜೊತೆ ಅರ್ಥಧಾರಿಯೂ ಹೋದ. ಅಂಥ ಸೆಟ್ಟುಗಳಲ್ಲಿ ಬೇರೆ ಉಪಾಯ ಉಂಟು. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಎಜಿಸಿ. ಸ್ಟೇಷನ್ ಜೋರಾದರೆ ಸೆಟ್ಟು ತಾನೇ ಒಳಗಿನ ಬಲವನ್ನು ಮೆಲ್ಲ ತಗ್ಗಿಸುತ್ತದೆ, ಕ್ಷೀಣವಾದರೆ ಮೆಲ್ಲ ಏರಿಸುತ್ತದೆ. ವಾಲ್ಯೂಮ್ ಗುಬ್ಬಿಯ ಮೇಲೆ ಒಂದು ತಾಳ್ಮೆಯ ಕೈ ಇಟ್ಟ ಹಾಗೆ. ಅದು ಅಲೆಯ ಆಕಾರ ಮುಟ್ಟುವುದಿಲ್ಲ, ಪೂರ್ತಿ ಚಿತ್ರವನ್ನೇ ದೊಡ್ಡದು ಚಿಕ್ಕದು ಮಾಡುತ್ತದೆ. ಸಿಡಿಲು ಹೊಡೆದರೆ ಅದು ಏನೂ ಮಾಡಲಾರದು. ಮಾತನ್ನು ಮಾತ್ರ ಗಾಯಗೊಳಿಸುವುದಿಲ್ಲ.

ಗರಗಸ ಒಂದು, ತಾಳ್ಮೆಯ ಕೈ ಇನ್ನೊಂದು. ಈ ಎರಡನ್ನೂ ನೆನಪಿಟ್ಟುಕೊಳ್ಳಿ.

ಲಿಮಿಟರಿಗೆ ಒಂದು ಕೆಟ್ಟ ಗುಣವೂ ಉಂಟು. ಹೊಸೂರಿನಿಂದ ಕೃಷ್ಣಗಿರಿಗೆ ಹೈವೇಯಲ್ಲಿ ಕಾರು ಓಡಿಸಿದವರಿಗೆ ಅನುಭವ ಇರಬಹುದು. ಶೂಲಗಿರಿ ದಾಟಿ ಇಳಿಯುತ್ತ ಹೋದಂತೆ ಬೆಂಗಳೂರಿನ ಸ್ಟೇಷನ್ನುಗಳು ಮೊದಲು ಸ್ವಲ್ಪ ಹಿಸ್ಸ್ ಎನ್ನುತ್ತವೆ, ಆಮೇಲೆ ಒಮ್ಮೆಲೇ ಕುಸಿಯುತ್ತವೆ. ಎಎಂ ಆದರೆ ಮೆಲ್ಲ ಮೆಲ್ಲ ಮಾಸುತ್ತಿತ್ತು. ಎಫ್‌ಎಂ ಹಾಗೆ ಮಾಸುವುದಿಲ್ಲ. ಕೊಯ್ಯಲು ಬೇಕಾದಷ್ಟು ಎತ್ತರ ಅಲೆಗೆ ಇರುವ ತನಕ ಲಿಮಿಟರ್ ಗದ್ದಲವನ್ನು ಹೊರಗಿಡುತ್ತದೆ, ಅಲೆ ಗಿಡ್ಡವಾದ ಕೂಡಲೇ ಅದಕ್ಕೆ ಕೆಲಸವಿಲ್ಲ, ಗದ್ದಲವೇ ಗದ್ದಲ. ಇನ್ನೊಂದು ಇದಕ್ಕಿಂತ ವಿಚಿತ್ರ. ಒಂದೇ ಆವರ್ತನದಲ್ಲಿ ಎರಡು ಎಫ್‌ಎಂ ಸ್ಟೇಷನ್ ಬಂದರೆ ಎರಡೂ ಬೆರೆತು ಕೇಳುವುದಿಲ್ಲ. ಜೋರಾದದ್ದು ಗೆಲ್ಲುತ್ತದೆ, ಕ್ಷೀಣವಾದದ್ದು ಇದ್ದೂ ಇಲ್ಲದ ಹಾಗೆ. ಬಲಶಾಲಿ ಅಲೆಯ ಎತ್ತರದ ಮೇಲೆ ಸಣ್ಣ ಅಲೆ ಬರೆದ ಏರಿಳಿತವನ್ನು ಲಿಮಿಟರ್ ಗದ್ದಲವೆಂದೇ ತಿಳಿದು ಕೊಯ್ದು ಬಿಸಾಡುತ್ತದೆ.

ಕೃಷ್ಣಗಿರಿ ಟೋಲ್‌ಗೇಟಿನ ಸಾಲಿನಲ್ಲಿ ಇದನ್ನು ನಾವು ಕಣ್ಣಾರೆ, ಅಲ್ಲ, ಕಿವಿಯಾರೆ ಕಂಡೆವು. ನಮ್ಮ ಹಳೆಯ ಕಾರಿನ ಸ್ಟೀರಿಯೋಗೆ ಬ್ಲೂಟೂತ್ ಇಲ್ಲ. ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ ಸಣ್ಣ ಎಫ್‌ಎಂ ಟ್ರಾನ್ಸ್‌ಮಿಟರ್ ಹಾಕಿ, ಮೊಬೈಲಿನಿಂದ ಸೂರಃ ಯಾಸೀನ್ ಕೇಳುತ್ತ ಹೋಗುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಉಮ್ಮ. ಪಕ್ಕದ ಸಾಲಿಗೆ ಒಂದು ವ್ಯಾನ್ ಬಂದು ನಿಂತದ್ದೇ ತಡ, ಕಿರಾಅತ್ ನಿಂತು ತಮಿಳಿನ ಕುತ್ತು ಹಾಡು! ಬೆರೆತದ್ದಲ್ಲ, ಅಡ್ಡ ಬಂದದ್ದಲ್ಲ, ಪೂರ್ತಿ ಅದೇ. ಆ ವ್ಯಾನಿನವನೂ ಅದೇ ಆವರ್ತನಕ್ಕೆ ಅಂಥದೇ ಸಾಮಾನು ಸಿಕ್ಕಿಸಿದ್ದ. ಅವನದು ಜೋರಿನದು. ‘ಅಸ್ತಗ್‌ಫಿರುಲ್ಲಾಹ್, ಇದೇನು ಹಾಕಿದೆ?’ ಎಂದು ಉಮ್ಮ ನನ್ನ ಬೆನ್ನಿಗೆ ಒಂದು ಕೊಟ್ಟರು. ವ್ಯಾನ್ ಮುಂದೆ ಹೋದ ಮೇಲೆ ಯಾಸೀನ್ ಏನೂ ಆಗದ ಹಾಗೆ ಮುಂದುವರಿಯಿತು.

ನನ್ನ ಮಗಳಿಗೆ ಈಗ ಮೂರನೇ ಕ್ಲಾಸು. ಶಾಲೆಯಲ್ಲಿ ತಮಿಳು ಮತ್ತು ಇಂಗ್ಲಿಷ್, ಬೀದಿಯಲ್ಲಿ ತೆಲುಗು, ಮದರಸದಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ಬ್ಯಾರಿ ಬಾಸೆ ಎಂಬುದು ಮನೆಯ ಒಳಗಿನ ಒಂದು ಕ್ಷೀಣ ಸ್ಟೇಷನ್. ಅವಳು ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆಸಿದರೆ ನನ್ನ ಹೆಂಡತಿಗೆ ಬೇಸರ, ನನಗೆ ಇಲ್ಲ. ಬೆರೆತಿದೆ ಅಂದರೆ ನಮ್ಮದೂ ಇನ್ನೂ ಕೇಳುತ್ತಿದೆ. ಎಎಂನಲ್ಲಿ ಗದ್ದಲ ಜಾಸ್ತಿ, ಆದರೆ ಸಣ್ಣ ದನಿಯನ್ನು ಪೂರ್ತಿ ಅಳಿಸುವುದಿಲ್ಲ. ನಮ್ಮ ಮನೆ ಸದ್ಯಕ್ಕೆ ಎಎಂ ಆಗಿಯೇ ಇರಲಿ ಎಂಬುದು ನನ್ನ ಅಭಿಪ್ರಾಯ. ಊಟದ ಮೇಜಿನಲ್ಲಿ ಇದಕ್ಕೆ ಇನ್ನೂ ಬಹುಮತ ಸಿಕ್ಕಿಲ್ಲ.

ಇನ್ನು ಮಸೀದಿಯ ವಿಷಯ. 2022ರ ಬೇಸಿಗೆಯಲ್ಲಿ ಕರ್ನಾಟಕದಲ್ಲಿ ಧ್ವನಿವರ್ಧಕದ ಗಲಾಟೆ ಎದ್ದದ್ದು ಎಲ್ಲರಿಗೂ ಗೊತ್ತು. ಮೇ ತಿಂಗಳಲ್ಲಿ ಸರಕಾರದ ಸುತ್ತೋಲೆ ಬಂತು. ನಿಯಮ ಹೊಸದೇನಲ್ಲ, 2000ದ ಶಬ್ದ ಮಾಲಿನ್ಯ ನಿಯಮಗಳೇ. ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಹೊರಗಿನ ಧ್ವನಿವರ್ಧಕ ಇಲ್ಲ. ವಸತಿ ಪ್ರದೇಶಕ್ಕೆ ಹಗಲಿನ ಮಟ್ಟ 55 ಡೆಸಿಬೆಲ್. ಧ್ವನಿವರ್ಧಕ ಇಟ್ಟ ಜಾಗದ ಗಡಿಯಲ್ಲಿ ಆ ಮಟ್ಟಕ್ಕಿಂತ 10 ಹೆಚ್ಚು ಅಥವಾ 75, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಮಂದಿರ, ಚರ್ಚು, ಮದುವೆ ಮಂಟಪ, ಎಲ್ಲಕ್ಕೂ ಇದೇ. ಪಾಲಿಸುವುದರಲ್ಲಿ ನಮ್ಮವರಿಗೆ ತಕರಾರು ಇರಬಾರದು, ಇರಲೂ ಇಲ್ಲ. ಊರೂರಿನಲ್ಲಿ ಮಸೀದಿ ಕಮಿಟಿಗಳು ‘ಸೌಂಡ್ ಲಿಮಿಟರ್’ ಹುಡುಕಿಕೊಂಡು ಹೋದವು.

ಹೊಸೂರಿನಿಂದ ಗಡಿ ದಾಟಿದರೆ ಕರ್ನಾಟಕದ ಕಡೆ ಒಂದು ಸಣ್ಣ ಮಸೀದಿ ಉಂಟು. ಅಲ್ಲಿನ ಸುತ್ತಮುತ್ತ ಅಂಗಡಿ ಇಟ್ಟ ನಾಲ್ಕೈದು ಬ್ಯಾರಿ ಕುಟುಂಬಗಳು, ಉಳಿದವರು ಉರ್ದುವಿನವರು. ಉಪ್ಪನೂ ಕಮಿಟಿಯಲ್ಲಿದ್ದರು. ಯಾರೋ ಬೆಂಗಳೂರಿನಿಂದ ಒಂದು ಪೆಟ್ಟಿಗೆ ತಂದು ಆಂಪ್ಲಿಫೈಯರಿನ ಮುಂದೆ ಜೋಡಿಸಿ ಹೋದರು. ಮರುದಿನದಿಂದ ಬಾಂಗ್ ಹರಿದ ತಗಡಿನ ಹಾಗೆ. ಮುಅಝ್ಝಿನ್ ಸಾಹೇಬರು, ನಮ್ಮ ಊರಲ್ಲಿ ಮುಕ್ರಿ ಎನ್ನುತ್ತೇವಲ್ಲ, ಅವರು ಅರುವತ್ತು ದಾಟಿದವರು. ಬಾಯಿ ತುಂಬ ದನಿ. ‘ಹಯ್ಯ ಅಲಸ್ಸಲಾಹ್’ ಎಂದು ಎಳೆಯುವಲ್ಲಿ ದನಿ ಏರಿದ ಕೂಡಲೇ ಕರಕರ. ಮೂರನೆಯ ದಿನ ಅವರು ಕಮಿಟಿಯವರ ಮುಂದೆ, ಬೇರೆಯವರನ್ನು ನೋಡಿಕೊಳ್ಳಿ, ನನ್ನ ಗಂಟಲು ಕೆಟ್ಟಿದೆ ಎಂದರು. ಗಂಟಲು ಕೆಟ್ಟಿರಲಿಲ್ಲ. ಇನ್ನೊಂದು ವಿಚಿತ್ರ, ಪಕ್ಕದ ಮನೆಯವರು ಬಂದು ‘ಮೊದಲಿಗಿಂತ ಈಗಲೇ ಕಿವಿಗೆ ಜಾಸ್ತಿ ಚುಚ್ಚುತ್ತದೆ’ ಎಂದರು. ಒಳ್ಳೆಯ ಜನ. ಇಪ್ಪತ್ತು ವರ್ಷದಲ್ಲಿ ಒಂದು ಮಾತು ಆಡಿದವರಲ್ಲ.

ಉಪ್ಪ ನನ್ನನ್ನೂ ಅಣ್ಣನನ್ನೂ ಕರೆಸಿದರು. ಅಣ್ಣ ಆಗ ಅಂಗಡಿ ಮುಚ್ಚಿ ಮನೆಯಲ್ಲಿದ್ದರು, ಆದರೂ ಹಳೆಯ ಆಸಿಲೋಸ್ಕೋಪನ್ನು ಬೆಡ್‌ಶೀಟಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ನನ್ನ ಕಾರಿನಲ್ಲಿ ಬಂದರು. ಅಸರ್ ಮುಗಿದು ಮಗ್ರಿಬ್‌ಗೆ ಸಮಯ ಇತ್ತು. ಪೆಟ್ಟಿಗೆ ಬಿಚ್ಚಿದರೆ ಒಳಗೆ ಹೆಚ್ಚೇನಿಲ್ಲ, ತಿರುವಿ ಹಾಕಿದ ಎರಡು ಡಯೋಡ್ ಮತ್ತು ಒಂದು ಗುಬ್ಬಿ. ಅದು ರೇಡಿಯೋದ ಲಿಮಿಟರ್, ಗರಗಸ. ಹೊರಗಿನ ಹಾರ್ನ್ ಬಂದ್ ಮಾಡಿ, ಮೈಕಿನ ಮುಂದೆ ಒಂದು ಉದ್ದ ಸ್ವರ ಎಳೆಯಿರಿ ಎಂದೆವು. ಸ್ಕೋಪಿನ ಹಸಿರು ಪರದೆಯಲ್ಲಿ ಅಲೆ ಮೂಡಿತು, ನೆತ್ತಿ ಸಪಾಟು. ಪೆಟ್ಟಿಗೆ ತಪ್ಪಿಸಿ ನೇರ ಜೋಡಿಸಿ ಮತ್ತೆ ಎಳೆಯಿರಿ ಎಂದೆವು. ಬೆಟ್ಟದ ಸಾಲಿನಂತೆ ಪೂರ್ತಿ ಅಲೆ. ಸಾಹೇಬರು ಕನ್ನಡಕ ಹಾಕಿ ಎರಡನ್ನೂ ಬಗ್ಗಿ ನೋಡಿದರು. ಇದು ನನ್ನ ದನಿಯಾ ಎಂದು ಕೇಳಿದರು. ಆಮೇಲೆ ಮೊದಲಿನದಕ್ಕೆ ಬೆರಳು ತೋರಿಸಿ, ಇದರ ಗೋಪುರ ಯಾರು ಕೆಡವಿದ್ದು ಎಂದರು.

ರೇಡಿಯೋದಲ್ಲಿ ಯಾರಿಗೂ ತಾಗದ ಗರಗಸ ಇಲ್ಲಿ ಯಾಕೆ ತಾಗಿತು? ಮನುಷ್ಯನ ದನಿ 500 ಹರ್ಟ್ಸ್‌ನಲ್ಲಿ ಇದ್ದರೆ ಕತ್ತರಿಸಿದ ವಿಕಾರ 1500, 2500 ಹರ್ಟ್ಸ್‌ಗೆ ಹೋಗಿ ಕೂರುತ್ತದೆ. ನಮ್ಮ ಕಿವಿ ಅತ್ಯಂತ ಚುರುಕಾಗಿರುವ ಜಾಗ ಅದರ ಆಸುಪಾಸೇ. ಅದನ್ನು ಫಿಲ್ಟರಿನಿಂದ ತಡೆಯೋಣ ಎಂದರೆ ದನಿಯ ಅಸಲು ಅಕ್ಷರಗಳೂ ಅಲ್ಲೇ ಇವೆ. 10.7 ಮೆಗಾಹರ್ಟ್ಸ್‌ನ ಅಲೆಗೆ ಗಾಯ ಮಾಸಲು ಇದ್ದ ಜಾಗ ದನಿಗೆ ಇಲ್ಲ. ಎರಡನೆಯದು, ಪಕ್ಕದ ಮನೆಯವರ ದೂರು ಸುಳ್ಳಲ್ಲ. ದುಂಡು ಅಲೆಗೂ ಚೌಕ ಅಲೆಗೂ ನೆತ್ತಿಯ ಎತ್ತರ ಒಂದೇ ಇದ್ದರೂ ಚೌಕದಲ್ಲಿ ಶಕ್ತಿ ಎರಡು ಪಟ್ಟು, 3 ಡೆಸಿಬೆಲ್ ಹೆಚ್ಚು. ಎತ್ತರ ಕಟ್ಟಿಹಾಕಿ, ಕಡಿಮೆಯಾಯಿತೆಂದು ಆಂಪ್ಲಿಫೈಯರಿನ ಗುಬ್ಬಿ ಏರಿಸಿದರೆ ಸದ್ದು ಇಳಿಯುವುದಿಲ್ಲ, ದಪ್ಪವಾಗುತ್ತದೆ.

ಬೇಕಾಗಿದ್ದದ್ದು ತಾಳ್ಮೆಯ ಕೈ. ಅಂಥ ಲಿಮಿಟರುಗಳೂ ಸಿಗುತ್ತವೆ, ದರ ಮಾತ್ರ ಹೆಚ್ಚು. ದನಿ ಏರಿದ ಕೆಲವೇ ಮಿಲಿಸೆಕೆಂಡಿನಲ್ಲಿ ಬಲ ತಗ್ಗಿಸುತ್ತದೆ, ದನಿ ಇಳಿದ ಮೇಲೆ ಅರ್ಧ ಸೆಕೆಂಡಿನಷ್ಟು ನಿಧಾನವಾಗಿ ಬಿಡುತ್ತದೆ. ಆಕಾರ ಹಾಗೆಯೇ, ಗಾತ್ರ ಮಾತ್ರ ಕಡಿಮೆ. ಬಿಡುವ ವೇಗ ಜಾಸ್ತಿಯಾದರೆ ದನಿ ಉಬ್ಬಸದವರ ಹಾಗೆ ಏದುತ್ತದೆ, ತೀರಾ ನಿಧಾನವಾದರೆ ಮುಂದಿನ ಸಾಲಿನ ಮೊದಲ ಅಕ್ಷರಗಳು ಕರಗಿಹೋಗುತ್ತವೆ. ಕಮಿಟಿಯಲ್ಲಿ ದುಡ್ಡಿನ ಚರ್ಚೆ ಒಂದು ವಾರ ನಡೆಯಿತು. ಒಬ್ಬರು, ಮೈಕ್ ಇಲ್ಲದ ಕಾಲದಲ್ಲೂ ಬಾಂಗ್ ಕೊಡುತ್ತಿದ್ದರಲ್ಲ ಎಂದರು. ಅದೂ ನಿಜವೇ. ಕೊನೆಗೆ ಉಪ್ಪ, ‘ದನಿ ಸಣ್ಣದಾಗಲಿ, ಕುರೂಪ ಆಗುವುದು ಬೇಡ’ ಎಂದು ಅರ್ಧ ದುಡ್ಡು ತಾವು ಹಾಕಿದರು.

ಹೊಸ ಪೆಟ್ಟಿಗೆ ಬಂತು. ಅದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮಾತ್ರ ಪುಕ್ಕಟೆಯ ಕೆಲಸ. ಮಿನಾರದ ನಾಲ್ಕು ಹಾರ್ನ್‌ಗಳಲ್ಲಿ ಎರಡನ್ನು ಇಳಿಸಿದೆವು, ಉಳಿದ ಎರಡನ್ನು ಪಕ್ಕದ ಮನೆಯ ಕಿಟಕಿಯಿಂದ ತಪ್ಪಿಸಿ ಕೆಳಮುಖ ಮಾಡಿದೆವು. ನಾನು ಕೆಲಸ ಮಾಡುವ ಕಡೆಯಿಂದ ಕೇಳಿ ತಂದ ಸದ್ದಿನ ಮೀಟರ್ ಹಿಡಿದು ಕಾಂಪೌಂಡಿನ ಸುತ್ತ ಅಳೆದೆವು. ಮೊಬೈಲಿನ ಆ್ಯಪ್‌ಗಳನ್ನು ಇದಕ್ಕೆ ನಂಬಬೇಡಿ, ಒಂದೊಂದು ಫೋನ್ ಒಂದೊಂದು ಲೆಕ್ಕ ಹೇಳುತ್ತದೆ. ಸಾಹೇಬರು ಪೂರ್ತಿ ದನಿಯಲ್ಲಿ ಎಳೆದರೂ ಗಡಿಯಲ್ಲಿ 65ರ ಒಳಗೆ ನಿಂತಿತು. ಪಕ್ಕದ ಮನೆಯವರು ಗೇಟಿನ ಬಳಿ ನಿಂತು ಕೇಳಿ ತಲೆ ಅಲ್ಲಾಡಿಸಿ ಒಳಗೆ ಹೋದರು, ಸ್ವಲ್ಪ ಹೊತ್ತಿಗೆ ಅಣ್ಣನಿಗೂ ನಮಗೂ ಕಾಫಿ ಬಂತು.

ಸುಬ್‌ಹಿಯ ಬಾಂಗ್ ಬೆಳಿಗ್ಗೆ 6ಕ್ಕೆ ಮೊದಲೇ ಆದ್ದರಿಂದ ಹೊರಗಿನ ಹಾರ್ನ್ ಇಲ್ಲದೆಯೇ ಆಗುತ್ತದೆ. ಸಾಹೇಬರು ಅಂಗಳಕ್ಕೆ ಬಂದು ಬರಿ ಬಾಯಲ್ಲಿ ಕೊಡುತ್ತಾರೆ. ಚಳಿಗಾಲದಲ್ಲಿ ಹೈವೇಯ ಲಾರಿಗಳು ಕಡಿಮೆಯಿದ್ದರೆ ಎದುರಿನ ಟೀ ಅಂಗಡಿಯವರೆಗೆ ಕೇಳುತ್ತದಂತೆ.

ಪೆಟ್ಟಿಗೆಯ ಎರಡು ಗುಬ್ಬಿಗಳನ್ನು ಅಣ್ಣ ಸರಿಯಾದ ಜಾಗಕ್ಕೆ ತಂದು, ಉಗುರುಬಣ್ಣದಿಂದ ಗೆರೆ ಎಳೆದು, ಮೇಲೆ ತಮಿಳಿನಲ್ಲಿ ‘ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿದರು. ಉಪ್ಪ ಅದರ ಕೆಳಗೆ ಕನ್ನಡದಲ್ಲಿ ಬರೆದರು, ಸಾಹೇಬರು ಉರ್ದುವಿನಲ್ಲಿ. ಆದರೂ ಕಳೆದ ಪೆರ್ನಾಲ್‌ನ ಹಿಂದಿನ ರಾತ್ರಿ ಯಾರೋ ತಿರುಗಿಸಿದ್ದರು. ನಾನು ಹೋಗಿ ಗೆರೆಗೆ ಸರಿ ಮಾಡಿ ಬಂದೆ.